ಮೂರೂವರೆ ವರ್ಷ ಕಸ್ಟಡಿ, ಮುಗಿದದ್ದು ಐದೇ ಸಾಕ್ಷಿ: ವಿಚಾರಣೆ ಬೇಗ ಆಗಲಿ ಎಂದು ಯಾರನ್ನು, ಹೇಗೆ ಕೇಳಬೇಕು?

ಪ್ರಶ್ನೆ: ಜೈಲ್‌ಕ್ಲಿನಿಕ್

ಜೈಲುಗಳ ಕಾನೂನು ನೆರವು ಕ್ಲಿನಿಕ್‌ನಲ್ಲಿ ಕೂರುವ ಎಲ್ಲರಿಗೂ ಎದುರಾಗುವ ಸಮಸ್ಯೆ ಇದು. ಚರ್ಚೆಗೆ ಹಿಡಿ ಸಿಗಲಿ ಎಂದು ಒಂದು ಮಾದರಿ ಪ್ರಕರಣ ಇಡುತ್ತೇನೆ.

2022ರ ಎಫ್‌ಐಆರ್, ಐಪಿಸಿ 307 (ಕೊಲೆ ಯತ್ನ) ಜೊತೆಗೆ 34 (ಸಮಾನ ಉದ್ದೇಶ). ಸೆಷನ್ಸ್ ಕೇಸು. ಆರೋಪಿಗಳು ಮೂವರು. ಮಚ್ಚು ಬೀಸಿದ ಎಂಬ ಆರೋಪ ಇರುವುದು ಎ1, ಅಂದರೆ ಮೊದಲ ಆರೋಪಿಯ ಮೇಲೆ. ಬಂಧನವಾದಾಗಿನಿಂದ ಮೂರೂವರೆ ವರ್ಷ ಒಳಗೇ ಇದ್ದಾನೆ. ಎ2 ಜಾಮೀನಿನ ಮೇಲಿದ್ದು ಪ್ರತಿ ವಾಯಿದೆಗೂ ಹಾಜರಾಗುತ್ತಾನೆ. ಎ3 ಜಾಮೀನು ಪಡೆದು ಹೋದವನು ದೋಷಾರೋಪಣೆ ಹೊರಿಸಿದ ಮೇಲೆ ನಾಪತ್ತೆ. ಚಾರ್ಜ್‌ಶೀಟಿನಲ್ಲಿ 34 ಸಾಕ್ಷಿಗಳು, ಈವರೆಗೆ ಹೇಳಿಕೆ ಕೊಟ್ಟವರು ಐವರು. ಆರ್ಡರ್ ಶೀಟ್ (ಪ್ರತಿ ವಾಯಿದೆಯ ಕಲಾಪ ಬರೆಯುವ ಕೋರ್ಟಿನ ದಾಖಲೆ) ತುಂಬ ಇರುವುದು ಇಷ್ಟೇ: "ಸಾಕ್ಷಿ ಗೈರು, ಸಮನ್ಸ್ ಮರುಜಾರಿ", "ಎ3 ವಾರಂಟ್ ಬಾಕಿ", "ಪಿಪಿ ರಜೆ", "ಪೀಠಾಸೀನ ಅಧಿಕಾರಿ ವರ್ಗಾವಣೆ, ಪ್ರಭಾರ". (ಪಿಪಿ ಎಂದರೆ ಸರ್ಕಾರಿ ಅಭಿಯೋಜಕರು; ಪ್ರಭಾರ ಎಂದರೆ ಬೇರೆ ಕೋರ್ಟಿನ ನ್ಯಾಯಾಧೀಶರು ಹೆಚ್ಚುವರಿಯಾಗಿ ನೋಡಿಕೊಳ್ಳುವುದು.) ಎ1ಗೆ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿಲ್ಲ, ಬೇರೆ ಕೇಸೂ ಬಾಕಿ ಇಲ್ಲ.

ಮೂರು ಪ್ರಶ್ನೆ. ಒಂದು, 307ಕ್ಕೆ ಹತ್ತು ವರ್ಷ ಅಂದರೆ ಮೂರನೇ ಒಂದು ಭಾಗ 3 ವರ್ಷ 4 ತಿಂಗಳು, ಅದು ದಾಟಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ ಕಲಂ 479ರ ಅಡಿ ಬಿಡುಗಡೆ ಕೇಳಬಹುದೇ? ಎರಡು, "ಆರು ತಿಂಗಳೊಳಗೆ ಮುಗಿಸಿ" ಎಂದು ಹೈಕೋರ್ಟಿನಿಂದ ಆದೇಶ ತರುವುದು ಸರಿಯಾದ ದಾರಿಯೇ? ಮೂರು, ಇಂಥ ಮನೆಯವರು ಸಾಮಾನ್ಯವಾಗಿ ಶಾಸಕರ ಪತ್ರ ಹಿಡಿದು ಕಾನೂನು ಮಂತ್ರಿಯ ಹತ್ತಿರ ಹೋಗುತ್ತೇವೆ ಎನ್ನುತ್ತಾರೆ. ಕೆಲವರು ಜಿಲ್ಲಾ ನ್ಯಾಯಾಧೀಶರಿಗೆ ಪತ್ರ ಬರೆಯಲೇ ಹೆದರುತ್ತಾರೆ, ನ್ಯಾಯಾಂಗ ನಿಂದನೆ ಆದೀತೆಂದು. ಗೆರೆ ಎಲ್ಲಿ ಎಳೆಯಬೇಕು?

ಉತ್ತರ 1: ಆರ್ಡರ್‌ಶೀಟ್

ಮೊದಲ ಪ್ರಶ್ನೆಯಲ್ಲೇ ಒಂದು ದೊಡ್ಡ ಗುಂಡಿ ಇದೆ. 307ಕ್ಕೆ ಹತ್ತು ವರ್ಷ ಎನ್ನುವುದು ಕಲಮಿನ ಮೊದಲ ಅರ್ಧ ಮಾತ್ರ. ಕೃತ್ಯದಿಂದ ಗಾಯವಾಗಿದ್ದರೆ ಜೀವಾವಧಿವರೆಗೂ ಶಿಕ್ಷೆ ಕೊಡಬಹುದು ಎಂದು ಅದೇ ಕಲಂ ಮುಂದಕ್ಕೆ ಹೇಳುತ್ತದೆ. ಮರಣದಂಡನೆ ಅಥವಾ ಜೀವಾವಧಿ, ಶಿಕ್ಷೆಗಳಲ್ಲಿ ಒಂದಾಗಿ ನಮೂದಾಗಿರುವ ಅಪರಾಧಗಳಿಗೆ 479 ಅನ್ವಯವಾಗುವುದೇ ಇಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ಎರಡು ಕಾಗದ ನೋಡಿ: ಗಾಯದ ಪ್ರಮಾಣಪತ್ರ, ಮತ್ತು ಕೋರ್ಟು ಹೊರಿಸಿದ ದೋಷಾರೋಪಣೆ. ಪೊಲೀಸರ ಚಾರ್ಜ್‌ಶೀಟ್ ನೋಡಿದರೆ ಸಾಲದು. ಮಚ್ಚು ಬೀಸಿದರೂ ತಾಗಲಿಲ್ಲ ಎಂಬ ಕೇಸಾದರೆ ನಿಮ್ಮ ಲೆಕ್ಕ ಸರಿ. ತಾಗಿದ್ದರೆ ಆ ದಾರಿ ಮುಚ್ಚಿದೆ.

479 ಅನ್ವಯವಾಗುವ ಬೇರೆ ಕೇಸುಗಳಿಗಾಗಿ ನಾಲ್ಕು ಮಾತು. ಹಿಂದೆಂದೂ ಶಿಕ್ಷೆಯಾಗದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರಿಗೆ ಅರ್ಧ. 2024ರ ಜುಲೈ 1ಕ್ಕಿಂತ ಹಿಂದಿನ ಕೇಸುಗಳಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 23ರಂದು ಸ್ಪಷ್ಟಪಡಿಸಿದೆ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಕಳಿಸುವುದು ಜೈಲು ಅಧೀಕ್ಷಕರ ಕರ್ತವ್ಯ. ಆರೋಪಿ ಕೇಳಲಿ ಬಿಡಲಿ. ಆದರೆ ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಹಲವು ಕೇಸು ಬಾಕಿ ಇದ್ದರೆ ಬಿಡುವಂತಿಲ್ಲ ಎಂಬ ಎರಡನೇ ಉಪಕಲಂ ಇದೆ. ಮುಖ್ಯ ಅಪರಾಧದ ಪಕ್ಕ 504 (ಉದ್ದೇಶಪೂರ್ವಕ ಅವಮಾನ), 506 (ಬೆದರಿಕೆ) ಸೇರಿಸಿದ್ದರೂ ಪಿಪಿ ಅದನ್ನು ಎತ್ತುತ್ತಾರೆ, ಉತ್ತರ ಸಿದ್ಧವಿರಲಿ. ಆರೋಪಿಯಿಂದಲೇ ಆದ ವಿಳಂಬದ ದಿನಗಳನ್ನು ಕಳೆದು ಲೆಕ್ಕ ಹಾಕುತ್ತಾರೆ.

ನಿಮ್ಮ ಮಾದರಿ ಕೇಸಿಗೆ ಉಳಿಯುವುದು ವಿಳಂಬವನ್ನೇ ಆಧಾರವಾಗಿಟ್ಟುಕೊಂಡ ಸಾಮಾನ್ಯ ಜಾಮೀನು ಅರ್ಜಿ, ಈಗಿನ ಬಿಎನ್‌ಎಸ್‌ಎಸ್ 483, ಹಿಂದಿನ ಸಿಆರ್‌ಪಿಸಿ 439. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯ ಭಾಗ ಎಂದು 1979ರ ಹುಸೈನಾರಾ ಖಾತೂನ್ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ. 2021ರ ಕೆ.ಎ. ನಜೀಬ್ ತೀರ್ಪಿನಲ್ಲಿ ಯುಎಪಿಎಯಂಥ ಕಠಿಣ ಕಾಯ್ದೆಯ ಕೇಸಿನಲ್ಲೂ ದೀರ್ಘ ಸೆರೆವಾಸ ಜಾಮೀನಿಗೆ ಆಧಾರವಾಗಬಹುದು ಎಂದಿತು. 2024ರ ಜುಲೈನ ಜಾವೇದ್ ಗುಲಾಂ ನಬಿ ಶೇಖ್ ಪ್ರಕರಣದಲ್ಲಿ, ಅಪರಾಧ ಎಷ್ಟೇ ಗಂಭೀರವಾಗಿದ್ದರೂ ಈ ಹಕ್ಕು ಹೋಗುವುದಿಲ್ಲ ಎಂದು ಮತ್ತೆ ಹೇಳಿತು.

ಆದರೆ ತೀರ್ಪುಗಳ ಹೆಸರು ಸಾಲಾಗಿ ಬರೆದ ಮಾತ್ರಕ್ಕೆ ಜಾಮೀನು ಸಿಗುವುದಿಲ್ಲ. ಸಿಗುವುದು ಒಂದು ಪಟ್ಟಿಯಿಂದ. ಆರ್ಡರ್ ಶೀಟಿನ ದೃಢೀಕೃತ ನಕಲು ಪೂರ್ತಿ ತೆಗೆಸಿ. ಇ-ಕೋರ್ಟ್ಸ್‌ನಲ್ಲಿ 16 ಅಕ್ಷರಾಂಕೆಯ ಸಿಎನ್‌ಆರ್ ಸಂಖ್ಯೆ ಹಾಕಿದರೆ ದಿನವಹಿ ಕಲಾಪ ಕಾಣುತ್ತದೆ, ಆದರೆ ಅಲ್ಲಿನ ನಮೂದು ಒಂದೆರಡು ಪದ. ಯಾರು ಬಂದಿದ್ದರು, ಯಾರು ಸಮಯ ಕೇಳಿದರು ಎಂಬುದು ಆರ್ಡರ್ ಶೀಟಿನಲ್ಲೇ ಸಿಗುತ್ತದೆ. ನಕಲು ಬಂದ ಮೇಲೆ ಐದು ಕಾಲಂ ಹಾಕಿ: ದಿನಾಂಕ, ಹಂತ, ಅಂದು ಏನಾಯಿತು, ಯಾರ ಕಾರಣಕ್ಕೆ ಮುಂದೆ ಹೋಯಿತು, ಎಷ್ಟು ದಿನಕ್ಕೆ. "ಸಿಡಬ್ಲ್ಯೂ 9 ಹಾಜರು, ಪಿಪಿ ರಜೆ, ಸಾಕ್ಷಿಯನ್ನು ಹಿಂದಕ್ಕೆ ಕಳಿಸಲಾಗಿದೆ" ಎಂಬ ಒಂದು ಸಾಲು (ಸಿಡಬ್ಲ್ಯೂ 9 ಎಂದರೆ ಚಾರ್ಜ್‌ಶೀಟಿನ 9ನೇ ಸಾಕ್ಷಿ) ಹತ್ತು ಪುಟ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆರೋಪಿ ಪರ ವಕೀಲರು ಸಮಯ ಕೇಳಿದ ದಿನಗಳನ್ನೂ ನೀವೇ ಬರೆಯಿರಿ. 1992ರ ಅಂತುಳೆ ತೀರ್ಪಿನ ಪ್ರಕಾರ ವಿಳಂಬಕ್ಕೆ ಯಾರು ಹೊಣೆ ಎಂಬುದೇ ಕೇಂದ್ರ ಪ್ರಶ್ನೆ. ಮುಚ್ಚಿಟ್ಟದ್ದನ್ನು ಪಿಪಿ ಎತ್ತಿ ತೋರಿಸಿದರೆ ಪಟ್ಟಿಯ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಹಿಂದಿನ ಜಾಮೀನು ಅರ್ಜಿಗಳ ಸಂಖ್ಯೆ, ದಿನಾಂಕ, ಫಲಿತಾಂಶ ಎಲ್ಲವನ್ನೂ ಅರ್ಜಿಯಲ್ಲಿ ಹೇಳಲೇಬೇಕು. ಸತೇಂದರ್ ಕುಮಾರ್ ಅಂತಿಲ್ ತೀರ್ಪು, 2022, ಜಾಮೀನು ಅರ್ಜಿಗಳು ಎರಡು ವಾರದೊಳಗೆ ಇತ್ಯರ್ಥವಾಗಬೇಕು ಎನ್ನುತ್ತದೆ. ಅರ್ಜಿಯೇ ತಿಂಗಳುಗಟ್ಟಲೆ ಕೂತರೆ ಅದನ್ನು ತೋರಿಸಿ ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಕೋರಿಕೆ) ಹಾಕಿ.

ಉತ್ತರ 2: ಟ್ರಯಲ್‌ಸೈಡ್

ಜಾಮೀನು ಒಂದು ಕಡೆ ಇರಲಿ, ವಿಚಾರಣೆ ನಡೆಯುವಂತೆ ಮಾಡುವುದು ಇನ್ನೊಂದು ಕೆಲಸ. ಎರಡೂ ಒಟ್ಟಿಗೆ ಸಾಗಬೇಕು.

ಕಾನೂನು ಯಾವುದು ಎಂಬ ಗೊಂದಲ ಮೊದಲು ಬಿಡಿಸಿಕೊಳ್ಳಿ. 2024ರ ಜುಲೈ 1ರಂದು ಬಾಕಿ ಇದ್ದ ವಿಚಾರಣೆಗಳು ಹಳೆಯ ಸಿಆರ್‌ಪಿಸಿ ಪ್ರಕಾರವೇ ಮುಂದುವರಿಯುತ್ತವೆ, ಬಿಎನ್‌ಎಸ್‌ಎಸ್ ಕಲಂ 531. ಹಾಗಾಗಿ ಮುಂದೂಡಿಕೆ ಎರಡಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಹೊಸ 346ರ ಮಿತಿಯನ್ನು 2022ರ ಕೇಸಿನಲ್ಲಿ ಉಲ್ಲೇಖಿಸಿದರೆ ಎದುರು ಪಕ್ಷ ಅಲ್ಲೇ ತಡೆಯುತ್ತದೆ. ಹಳೆಯ 309ರಲ್ಲೇ ಬೇಕಾದಷ್ಟಿದೆ. ಸಾಕ್ಷಿ ವಿಚಾರಣೆ ಶುರುವಾದ ಮೇಲೆ ದಿನದಿಂದ ದಿನಕ್ಕೆ ನಡೆಯಬೇಕು. ಸಾಕ್ಷಿ ಹಾಜರಿದ್ದಾಗ ವಿಶೇಷ ಕಾರಣ ಬರೆಯದೆ ಮುಂದೂಡುವಂತಿಲ್ಲ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವಲ್ಲ. ಈ ಕಲಮಿನಡಿ ಮೆಮೊ ಹಾಕಿ, ಅದು ಆರ್ಡರ್ ಶೀಟಿನಲ್ಲಿ ನಮೂದಾಗಲಿ. ಬಾಯಿಮಾತಿನ ಕೋರಿಕೆ ದಾಖಲೆಯಲ್ಲಿ ಉಳಿಯುವುದಿಲ್ಲ, ಮುಂದೆ ಹೈಕೋರ್ಟಿನಲ್ಲಿ ತೋರಿಸಲು ಏನೂ ಇರುವುದಿಲ್ಲ.

ಎ3ಗಾಗಿ ಕಾಯುವುದು ಈ ಕೇಸಿನ ಅತಿ ದೊಡ್ಡ, ಅತಿ ಅನಗತ್ಯ ವಿಳಂಬ. 317ರ ಎರಡನೇ ಉಪಕಲಮಿನಡಿ ಅವನ ಭಾಗವನ್ನು ಸ್ಪ್ಲಿಟ್‌ಅಪ್ ಮಾಡಿಸಿ, ಅಂದರೆ ಬೇರೆ ಕೇಸಾಗಿ ಬೇರ್ಪಡಿಸಿ. ಪ್ರಾಸಿಕ್ಯೂಷನ್‌ಗೆ ಸಾಕ್ಷ್ಯ ಕಳೆದುಹೋದೀತೆಂಬ ಅಂಜಿಕೆ ಇರುತ್ತದೆ. ತಲೆಮರೆಸಿಕೊಂಡವನ ವಿರುದ್ಧ 299ರಡಿ ಅದೇ ಸಾಕ್ಷ್ಯ ದಾಖಲಿಸಿಕೊಳ್ಳಬಹುದು ಎಂದು ನೀವೇ ತೋರಿಸಿಕೊಟ್ಟರೆ ವಿರೋಧ ಸಡಿಲವಾಗುತ್ತದೆ.

34 ಸಾಕ್ಷಿ ಎಂದು ಕಂಡರೂ ಕೇಸು ನಿಂತಿರುವುದು ಗಾಯಾಳು, ಇಬ್ಬರು ಮೂವರು ಪ್ರತ್ಯಕ್ಷ ಸಾಕ್ಷಿಗಳು, ಪಂಚರು, ವೈದ್ಯರು, ತನಿಖಾಧಿಕಾರಿ, ಇಷ್ಟರ ಮೇಲೆ. ಎಫ್‌ಐಆರ್ ಒಯ್ದ ಪೇದೆ, ನಕ್ಷೆ ಬರೆದ ಎಂಜಿನಿಯರ್, ಇಂಥವರ ದಾಖಲೆಗಳನ್ನು 294ರಡಿ ಒಪ್ಪಿಕೊಂಡರೆ ಅವರನ್ನು ಕರೆಸುವ ಅಗತ್ಯವೇ ಬೀಳುವುದಿಲ್ಲ. ಯಾವುದನ್ನು ಒಪ್ಪಬೇಕು ಎಂದು ಒಂದೊಂದಾಗಿ ನೋಡಿ. ಗಾಯದ ಪ್ರಮಾಣಪತ್ರವನ್ನು ಅವಸರದಲ್ಲಿ ಒಪ್ಪಿಬಿಟ್ಟರೆ, ಆಯುಧ ಯಾವುದು, ಗಾಯ ಎಷ್ಟು ಹಳೆಯದು ಎಂದು ವೈದ್ಯರನ್ನು ಕೇಳುವ ಅವಕಾಶ ಹೋಗುತ್ತದೆ. 307ರಲ್ಲಿ ಅದು ಬಹಳ ದುಬಾರಿ.

ಸಾಕ್ಷಿಗಳು ಏಕೆ ಬರುವುದಿಲ್ಲ? ಹೆಚ್ಚಿನ ಸಲ ಸಮನ್ಸ್ ತಲುಪಿಯೇ ಇರುವುದಿಲ್ಲ. ವೈದ್ಯರು, ತನಿಖಾಧಿಕಾರಿ ವರ್ಗವಾಗಿ ಹೋಗಿರುತ್ತಾರೆ, ಸಮನ್ಸ್ ಹಳೇ ವಿಳಾಸಕ್ಕೇ ಹೋಗುತ್ತಿರುತ್ತದೆ. ಈಗಿನ ಹುದ್ದೆಯ ಸ್ಥಳ ಕಂಡುಕೊಂಡು ಮೆಮೊದಲ್ಲಿ ಬರೆದುಕೊಡಿ, ಎಸ್‌ಪಿ ಮೂಲಕ ಜಾರಿ ಮಾಡಿಸಲು ಕೋರಿ, ದೂರದಲ್ಲಿದ್ದರೆ ವಿಡಿಯೊ ಕಾನ್ಫರೆನ್ಸ್ ಕೇಳಿ. ಇದು ಪ್ರಾಸಿಕ್ಯೂಷನ್ ಕೆಲಸ, ನಮ್ಮದಲ್ಲ ಎಂದು ಕೂತರೆ ಒಳಗಿರುವವನು ಕಾಯುತ್ತಲೇ ಇರುತ್ತಾನೆ.

ಪ್ರಭಾರ ಕೋರ್ಟಿನ ವಿಷಯ. ಪ್ರಭಾರದಲ್ಲಿರುವವರು ತಮ್ಮ ಕೋರ್ಟಿನ ಕೆಲಸದ ನಡುವೆ ಸಾಕ್ಷ್ಯ ದಾಖಲಿಸುವುದು ಅಪರೂಪ. ವಾಯಿದೆ ಕೊಡುತ್ತಾರೆ ಅಷ್ಟೆ. ಹುದ್ದೆ ಬಹುಕಾಲ ಖಾಲಿ ಇರುವಂತಿದ್ದರೆ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಮುಂದೆ ವರ್ಗಾವಣೆ ಅರ್ಜಿ ಹಾಕಿ. ವಿಚಾರಣೆ ಶುರುವಾಗುವ ಮೊದಲಾದರೆ 409ರಡಿ ಅವರೇ ಕೇಸು ಹಿಂಪಡೆಯಬಹುದು. ಇಲ್ಲಿ ಐದು ಸಾಕ್ಷಿ ಮುಗಿದಿರುವುದರಿಂದ 409 ನಡೆಯುವುದಿಲ್ಲ, 408ರಡಿ ನ್ಯಾಯದ ಹಿತಕ್ಕೆ ಅಗತ್ಯ ಎಂದು ಕೋರಬೇಕು.

ಉತ್ತರ 3: ವಿಧಿ235

ಎರಡನೇ ಮತ್ತು ಮೂರನೇ ಪ್ರಶ್ನೆಗೆ.

ಕೇಸು ಇಷ್ಟು ದಿನದಲ್ಲಿ ಮುಗಿಯದಿದ್ದರೆ ರದ್ದು ಎಂಬಂಥ ಕಡ್ಡಾಯ ಗಡುವು ನಮ್ಮಲ್ಲಿಲ್ಲ. ತೊಂಬತ್ತರ ದಶಕದ ಕೆಲವು ತೀರ್ಪುಗಳು ಅಂಥ ಗಡುವು ಹಾಕಿದ್ದವು. ಕರ್ನಾಟಕದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ, 2002ರಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ಅವನ್ನು ತೆಗೆದುಹಾಕಿ ಅಂತುಳೆ ಮಾರ್ಗಸೂಚಿಯನ್ನೇ ಉಳಿಸಿತು. ಇನ್ನು "ಆರು ತಿಂಗಳಲ್ಲಿ ಮುಗಿಸಿ" ಎಂಬ ಆದೇಶ. 2024ರ ಫೆಬ್ರವರಿ 29ರಂದು ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ, ಬೇರೆ ಕೋರ್ಟಿನಲ್ಲಿರುವ ಕೇಸಿಗೆ ಸಂವಿಧಾನಾತ್ಮಕ ನ್ಯಾಯಾಲಯಗಳು ಸಾಮಾನ್ಯವಾಗಿ ಗಡುವು ಹಾಕಬಾರದು, ಅಸಾಧಾರಣ ಸಂದರ್ಭದಲ್ಲಿ ಮಾತ್ರ ಹಾಕಬಹುದು ಎಂದಿತು. ಇದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ. ಹೈಕೋರ್ಟಿಗೆ ಹೋಗಬಲ್ಲವನ ಕೇಸು ಮುಂದೆ ಬಂದರೆ, ಅದೇ ಕೋರ್ಟಿನಲ್ಲಿ ಅವನಿಗಿಂತ ಮೊದಲೇ ಜೈಲು ಸೇರಿದ, ವಕೀಲರಿಗೆ ಕೊಡಲು ದುಡ್ಡಿಲ್ಲದವನ ಕೇಸು ಹಿಂದೆ ಬೀಳುತ್ತದೆ. ಹಾಗಾಗಿ ಹೈಕೋರ್ಟಿಗೆ ಹೋದರೂ ದಿನಾಂಕ ಕೇಳಬೇಡಿ, ಅಡ್ಡಿ ತೆಗೆಯಲು ಕೇಳಿ: ಎ3 ಪ್ರಕರಣ ಬೇರ್ಪಡಿಸಲು, ಖಾಲಿ ಕೋರ್ಟಿನಿಂದ ವರ್ಗಾಯಿಸಲು, ಸಮನ್ಸ್ ಜಾರಿಗೆ ಪೊಲೀಸರಿಗೆ ನಿರ್ದೇಶನ ಕೊಡಲು. ಇಂಥ ನಿರ್ದಿಷ್ಟ ಕೋರಿಕೆಗೆ ಆದೇಶ ಸಿಗುವ ಸಾಧ್ಯತೆಯೂ ಹೆಚ್ಚು, ಅದರಿಂದ ಕೇಸು ನಿಜಕ್ಕೂ ಚಲಿಸುತ್ತದೆ.

ಗೆರೆ ಎಲ್ಲಿ? ಸಂವಿಧಾನದ 235ನೇ ವಿಧಿ ಅಧೀನ ನ್ಯಾಯಾಲಯಗಳ ನಿಯಂತ್ರಣವನ್ನು, ವರ್ಗಾವಣೆ, ಬಡ್ತಿ, ರಜೆ ಸಮೇತ, ಹೈಕೋರ್ಟಿಗೆ ಕೊಟ್ಟಿದೆ. ಸರ್ಕಾರಕ್ಕೆ ಕೊಟ್ಟಿಲ್ಲ. ಸರ್ಕಾರವೇ ಕಕ್ಷಿಯಾಗಿರುವ ಕೇಸಿನಲ್ಲಿ ಅದರ ವಿರುದ್ಧ ಜಾಮೀನು ಕೊಟ್ಟ ನ್ಯಾಯಾಧೀಶರನ್ನು ಅದೇ ಸರ್ಕಾರ ಮರುದಿನ ಎತ್ತಂಗಡಿ ಮಾಡುವಂತಿದ್ದರೆ ಎ1ನಂಥವನಿಗೆ ಜಾಮೀನು ಕೊಡುವ ಧೈರ್ಯ ಯಾರಿಗೆ ಬರುತ್ತದೆ? ಆದ್ದರಿಂದ ಮಂತ್ರಿಯೊಬ್ಬರು ನ್ಯಾಯಾಧೀಶರಿಗೆ ಫೋನು ಮಾಡಿ "ಬೇಗ ಮುಗಿಸಿ" ಎಂದರೂ ಅದು ಹಸ್ತಕ್ಷೇಪವೇ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಅದರ ಪೆಟ್ಟು ಬೀಳುವುದು ಆರೋಪಿಯ ಮೇಲೇ. ವಿಷಯ ಹೊರಬಂದರೆ ದೂರುದಾರರು ಕೇಸು ವರ್ಗಾಯಿಸಲು ಅರ್ಜಿ ಹಾಕುತ್ತಾರೆ, ಮತ್ತೆ ತಿಂಗಳುಗಟ್ಟಲೆ ತಡ. ಮನೆಯವರು ಛೇಂಬರಿಗೆ ಹೋಗಿ ನ್ಯಾಯಾಧೀಶರನ್ನು ಕಾಣುವುದೂ ಬೇಡ.

ಆದರೆ ಶಾಸಕರ ಹತ್ತಿರ ಹೋಗಲೇಬಾರದು ಎಂದಲ್ಲ. ವಿಳಂಬದಲ್ಲಿ ಸರ್ಕಾರದ ಪಾಲು ದೊಡ್ಡದು, ಅದನ್ನು ಸರ್ಕಾರವನ್ನೇ ಕೇಳಬೇಕು. ಪಿಪಿ ಇಲ್ಲದಿದ್ದರೆ ಅಭಿಯೋಗ ಇಲಾಖೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿಲ್ಲದಿದ್ದರೆ ಗೃಹ ಇಲಾಖೆ. ಸಮನ್ಸ್ ಜಾರಿ, ಕೈದಿಯನ್ನು ಕರೆತರುವ ಬೆಂಗಾವಲು ಎಸ್‌ಪಿ ಹೊಣೆ. ಕೋರ್ಟು ಕಟ್ಟಡ, ಸಿಬ್ಬಂದಿ, ಹೊಸ ಹುದ್ದೆಗೆ ಹಣ ರಾಜ್ಯ ಬಜೆಟ್‌ನಿಂದ ಬರಬೇಕು. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಐದು ವರ್ಷದಲ್ಲಿ ಅಲ್ಲಿಗೆ ಮುಟ್ಟಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಈಗಲೂ ಅದರ ಅರ್ಧಕ್ಕೆ ಬಂದಿಲ್ಲ. ಶಾಸಕರು ಸದನದಲ್ಲಿ ಎತ್ತಬೇಕಾದ ವಿಷಯ ಇದು.

ನಿಂದನೆಯ ಭಯ ಬೇಡ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಂ ಓದಿಸಿ: ಅಧೀನ ನ್ಯಾಯಾಲಯದ ಪೀಠಾಸೀನ ಅಧಿಕಾರಿಯ ಬಗ್ಗೆ ಮೇಲಿನವರಿಗೆ, ಅಂದರೆ ಬೇರೆ ಅಧೀನ ನ್ಯಾಯಾಲಯಕ್ಕೆ ಅಥವಾ ಹೈಕೋರ್ಟಿಗೆ, ಸದ್ಭಾವನೆಯಿಂದ ಕೊಟ್ಟ ಹೇಳಿಕೆ ನಿಂದನೆಯಲ್ಲ. ಅದೇ ಮಾತನ್ನು ಫೇಸ್‌ಬುಕ್ಕಿನಲ್ಲಿ ಹಾಕಿದರೆ ಈ ರಕ್ಷಣೆ ಇಲ್ಲ. ಪತ್ರದಲ್ಲಿ ಕೇಸು ಸಂಖ್ಯೆ, ಬಂಧನದ ದಿನಾಂಕ, ಮುಗಿದ ಸಾಕ್ಷಿಗಳು, ಬಾಕಿ ಸಾಕ್ಷಿಗಳು, ಹಾಕಿದ ಮೆಮೊಗಳ ದಿನಾಂಕ ಇಷ್ಟಿರಲಿ. ನ್ಯಾಯಾಧೀಶರ ಉದ್ದೇಶದ ಬಗ್ಗೆ ಒಂದು ಪದವೂ ಬೇಡ. ಲಂಚ, ಪಕ್ಷಪಾತದಂಥ ದೂರಾದರೆ ಅದು ಬೇರೆ ದಾರಿ: ಹೈಕೋರ್ಟಿನ ಜಾಗೃತ ವಿಭಾಗಕ್ಕೆ, ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ದಾಖಲೆಯೊಂದಿಗೆ.

ಕೈದಿಯ ಹೆಸರನ್ನು ವಿಚಾರಣಾಧೀನರ ಪರಿಶೀಲನಾ ಸಮಿತಿಯ ಮುಂದೆ ಇಡಿಸಿ. ಪ್ರಧಾನ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು ಒಂದೇ ಮೇಜಿಗೆ ಕೂರುವ ಜಾಗ ಅದೊಂದೇ. ಸಮಿತಿ ಶಿಫಾರಸು ಮಾತ್ರ ಮಾಡುತ್ತದೆ, ಆದರೆ ಸಮನ್ಸ್ ಯಾಕೆ ತಲುಪಿಲ್ಲ ಎಂದು ಎಸ್‌ಪಿಯನ್ನು ಅಲ್ಲೇ ಕೇಳಬಹುದು.

ಉತ್ತರ 4: ಪಾಟೀಸವಾಲು

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬೇಗ ಎಂಬುದರ ಜೊತೆ ನ್ಯಾಯಯುತ ಎಂಬುದೂ ಇದೆ, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟರೆ ಎರಡೂ ಹೋಗುತ್ತವೆ. 2019ರ ಅನೋಖಿಲಾಲ್ ಪ್ರಕರಣ ನೋಡಿ. ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪಣೆ ಹೊರಿಸಿ ವಿಚಾರಣೆ ಓಡಿಸಿದ್ದರು. ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿ ಮತ್ತೆ ಮೊದಲಿಂದ ನಡೆಸಿ ಎಂದಿತು. ಮರಣದಂಡನೆ, ಜೀವಾವಧಿ ಸಾಧ್ಯವಿರುವ ಕೇಸಿಗೆ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರು, ತಯಾರಿಗೆ ಕನಿಷ್ಠ ಏಳು ದಿನ ಬೇಕು ಎಂದೂ ಹೇಳಿತು. ಗಾಯವಾದ 307 ಕೂಡ ಜೀವಾವಧಿ ಸಾಧ್ಯವಿರುವ ಕೇಸೇ. ಕಾನೂನು ನೆರವಿನ ವಕೀಲರು ಬದಲಾದಾಗ ಆ ಏಳು ದಿನ ಕೇಳಿ ಪಡೆಯಿರಿ.

ಪ್ರಾಯೋಗಿಕವಾಗಿ ಕೆಡುವುದು ಹೀಗೆ. ದಿನವಹಿ ವಿಚಾರಣೆ ಕೇಳಿ ಮೆಮೊ ಹಾಕುತ್ತಾರೆ, ಸಾಕ್ಷಿ ಬಂದ ದಿನ ವಕೀಲರೇ ಇರುವುದಿಲ್ಲ. ಕೋರ್ಟು "ಪಾಟೀಸವಾಲು ಇಲ್ಲ" ಎಂದು ಬರೆಯುತ್ತದೆ, 309 ಅದಕ್ಕೆ ಅವಕಾಶ ಕೊಡುತ್ತದೆ. ಆಮೇಲೆ 311ರಡಿ ಸಾಕ್ಷಿಯನ್ನು ಮರಳಿ ಕರೆಸುವ ಅರ್ಜಿ, ಆಕ್ಷೇಪಣೆ, ಆದೇಶ, ಮತ್ತೆ ಸಮನ್ಸ್. ಉಳಿಸಿದ ತಿಂಗಳುಗಳು ಅಲ್ಲೇ ಹೋಗುತ್ತವೆ, ಅದೂ ಆರೋಪಿಯ ಖಾತೆಗೆ. ಗಾಯಾಳುವಿನ ಪಾಟೀಸವಾಲಿಗೆ ತಯಾರಾಗದೆ ಮುಂಚಿತ ವಾಯಿದೆ ಕೇಳಲೇಬೇಡಿ.

ಗಾಯಾಳುವಿಗೂ ಇದೇ ಹಕ್ಕಿದೆ ಎಂಬುದನ್ನು ಮರೆಯಬಾರದು. ಮೂರೂವರೆ ವರ್ಷದ ನಂತರ ಸಾಕ್ಷಿಯ ನೆನಪು ಮಸುಕಾಗುತ್ತದೆ, ಒತ್ತಡ ಹೆಚ್ಚುತ್ತದೆ. ಸಿಆರ್‌ಪಿಸಿ 24ರ ಎಂಟನೇ ಉಪಕಲಮಿನಡಿ ಪಿಪಿಗೆ ನೆರವಾಗಲು ಅವರೂ ವಕೀಲರನ್ನು ಇಟ್ಟುಕೊಳ್ಳಬಹುದು. ಎರಡೂ ಕಡೆಯಿಂದ ಬೇಗ ನಡೆಸಿ ಎಂಬ ಮೆಮೊ ಬಂದರೆ ಅದರ ತೂಕವೇ ಬೇರೆ.

ಜೈಲ್‌ಕ್ಲಿನಿಕ್

ಎಲ್ಲರಿಗೂ ಧನ್ಯವಾದ. ಮಾದರಿ ಕೇಸಿನಲ್ಲಿ ಗಾಯ ಇದೆ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ 483 ಮತ್ತು ಸ್ಪ್ಲಿಟ್‌ಅಪ್ ಒಟ್ಟಿಗೆ. ಇನ್ನೊಂದು ಪ್ರಶ್ನೆ: ಜಾಮೀನು ಆದೇಶವಾಗಿ, ಶ್ಯೂರಿಟಿ (ಜಾಮೀನುದಾರ) ಸಿಗದೆ ಒಳಗೇ ಉಳಿದರೆ?

ಆರ್ಡರ್‌ಶೀಟ್

2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನಗಳು ಇದಕ್ಕೆಂದೇ ಇವೆ. ಜಾಮೀನು ಆದೇಶದ ಪ್ರತಿಯನ್ನು ಕೋರ್ಟು ಅಂದೇ ಅಥವಾ ಮರುದಿನ ಜೈಲಿಗೆ ಇಮೇಲ್ ಮಾಡಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಪ್ರಾಧಿಕಾರ ಆತನ ಆರ್ಥಿಕ ಸ್ಥಿತಿಯ ವರದಿ ತಯಾರಿಸಿ ಷರತ್ತು ಸಡಿಲಿಸಲು ಕೋರ್ಟನ್ನು ಕೋರಬಹುದು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತನ್ನು ಮರುಪರಿಶೀಲಿಸಬಹುದು. ತಿಂಗಳು ಕಾಯಬೇಡಿ, ಎಂಟನೇ ದಿನವೇ ಅರ್ಜಿ ಹಾಕಿ. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಷರತ್ತು ವಿಳಂಬದ ಒಂದು ಕಾರಣ, ಅದನ್ನು ಹೇರಬಾರದು ಎಂಬ ಸಲಹೆಯೂ ಅದೇ ಆದೇಶದಲ್ಲಿದೆ. ಆ ಪ್ಯಾರಾವನ್ನು ಅರ್ಜಿಗೆ ಲಗತ್ತಿಸಿ. ವಕೀಲರಿಲ್ಲದವರು ಕಾನೂನು ಸೇವಾ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಕಲಂ 12.